ಬೆಂಚು ಖಾಲಿಯಾದ ವರ್ಷ

ಬ್ಯಾಸ್ಕೆಟ್‌ಬಾಲ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬರುತ್ತಾರೆ. ಒಳ್ಳೆಯ ಆಟಗಾರ್ತಿಯನ್ನು ಗುರುತಿಸುವುದು ಹೇಗೆ ಮೇಡಂ ಎಂದು ಕೇಳುತ್ತಾರೆ. ಅದಕ್ಕೆ ನನ್ನನ್ನು ಕೇಳಬೇಕಾಗಿಲ್ಲ. ಕೋರ್ಟಿನ ಪಕ್ಕ ಕಡಲೆಕಾಯಿ ಮಾರುವವನೂ ಗುರುತಿಸಿಬಿಡುತ್ತಾನೆ. ಆ ಒಳ್ಳೆಯ ಆಟಗಾರ್ತಿಯನ್ನು ಯಾವಾಗ ಕೂರಿಸಬೇಕು, ಅವಳು ಕೂತಾಗ ಯಾರನ್ನು ಎಬ್ಬಿಸಬೇಕು, ಹಾಗೆ ಎಬ್ಬಿಸಲು ಇನ್ನೊಬ್ಬಳು ಬೆಂಚಿನ ಮೇಲೆ ಇರುವಂತೆ ಹೇಗೆ ನೋಡಿಕೊಳ್ಳಬೇಕು, ಇದು ನಮ್ಮ ಕೆಲಸ. ಇದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಕೊನೆಗೆ ಇದರಲ್ಲೇ ಸೋತೆ. ಗೆದ್ದವರ ಅನುಭವ ಕೇಳಲು ಬೇಕಾದಷ್ಟು ಸಿಗುತ್ತದೆ, ಆದ್ದರಿಂದ ನಾನು ಸೋತದ್ದನ್ನೇ ಬರೆಯುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಆಗ ನನಗೆ ಬೆಂಚಿನ ಮೇಲೆ ಕೂರುವ ಬದಲಿ ಹುಡುಗಿಯರು ಎಂದರೆ ಲಾರಿಯ ಹಿಂದೆ ಕಟ್ಟಿರುವ ಸ್ಟೆಪ್ನಿ ಟೈರಿನ ಹಾಗೆ. ಪಂಕ್ಚರ್ ಆದರೆ ಮಾತ್ರ ಅದರ ನೆನಪು. ಐದು ಜನ ಗಟ್ಟಿ ಹುಡುಗಿಯರನ್ನು ಆರಿಸಿಕೊಂಡೆ, ಅವರನ್ನೇ ತಿದ್ದಿದೆ, ಮಿಕ್ಕವರ ಕೈಗೆ ನೀರಿನ ಬಿಂದಿಗೆ ಕೊಟ್ಟೆ. ಶ್ರೀರಂಗಪಟ್ಟಣದಲ್ಲಿ ನಡೆದ ಪಂದ್ಯದಲ್ಲಿ ಆ ಐವರು ಮುಕ್ಕಾಲು ಆಟದವರೆಗೆ ಎದುರಾಳಿಗಳನ್ನು ಅಟ್ಟಾಡಿಸಿದರು. ಆಮೇಲೆ ಏನಾಯಿತೋ, ಕೈಗೆ ಬಂದ ಚೆಂಡು ಜಾರತೊಡಗಿತು, ಎಸೆದದ್ದು ರಿಂಗನ್ನೂ ಮುಟ್ಟಲಿಲ್ಲ. ನಾನು ಗೆರೆಯ ಆಚೆ ನಿಂತು ಗಂಟಲು ಹರಿಯುವಂತೆ ಬೈಯುತ್ತಿದ್ದೆ. ಸೋತೆವು.

ಎದುರು ತಂಡದ ಕೋಚು ವಯಸ್ಸಾದವರು, ಎಲೆ ಅಡಿಕೆ ಹಾಕಿಕೊಂಡು ಆಟ ಪೂರ್ತಿ ಕುರ್ಚಿಯಿಂದ ಏಳದೆ ಕೂತಿದ್ದವರು. ಹೋಗುವಾಗ ನನ್ನ ಹತ್ತಿರ ಬಂದು, "ಮಕ್ಳನ್ನ ಯಾಕವ್ವ ಅಂಗ್ ಬಯ್ತಿದ್ದೆ? ಅವ್ರು ಆಟ ಮರ್ತಿರ್ನಿಲ್ಲ, ಸುಸ್ತಾಗಿದ್ರು. ಎತ್ತಿಗಾದ್ರೂ ಸಾಲಿನ ಕೊನೇಲಿ ಒಂದ್ಗಳಿಗೆ ನಿಲ್ಸ್ತಾರೆ" ಎಂದರು.

ಮರುವಾರವೇ ಅವರ ಹತ್ತಿರ ಹೋಗಿ ಕಲಿತೆ. ಸುಸ್ತಾದ ಮೇಲೆ ಕೂರಿಸಿದರೆ ಪ್ರಯೋಜನವಿಲ್ಲ, ಸುಸ್ತಾಗುವ ಮೊದಲೇ ಕೂರಿಸಬೇಕು. ಹುಡುಗಿ ಬಾಯಿಬಿಟ್ಟು ಹೇಳುವುದಿಲ್ಲ. ಸೀಟಿ ಊದಿದಾಗಲೆಲ್ಲ ಮಂಡಿಯ ಮೇಲೆ ಕೈಯಿಟ್ಟು ಬಗ್ಗುತ್ತಾಳೆ, ಚೆಂಡು ಕೊಡಿ ಎಂದು ಕೂಗುವುದನ್ನು ನಿಲ್ಲಿಸುತ್ತಾಳೆ, ವಾಪಸ್ ಓಡುವಾಗ ಅರ್ಧ ಹೆಜ್ಜೆ ಹಿಂದೆ ಬೀಳುತ್ತಾಳೆ. ಆಗ ಆಟ ಎರಡು ಭಾಗವಿತ್ತು, ಆಮೇಲೆ ನಾಲ್ಕು ಕ್ವಾರ್ಟರ್ ಮಾಡಿದರು. ಚೆಂಡು ಎಸೆಯಲು ಕೊಡುವ ಸಮಯವನ್ನೂ ಇಳಿಸಿದರು. ಆಟ ಜೋರಾಯಿತು, ಓಟ ಹೆಚ್ಚಾಯಿತು, ಹಳಬರಾದ ನಾವು ಗೊಣಗಿದೆವು. ಆದರೆ ಕ್ವಾರ್ಟರ್ ಬಂದದ್ದರಿಂದ ಒಂದು ಅನುಕೂಲವೂ ಆಯಿತು. ಮೊದಲ ಕ್ವಾರ್ಟರ್ ಮುಗಿಯಲು ಎರಡು ನಿಮಿಷ ಇರುವಾಗ ಮುಖ್ಯ ಆಟಗಾರ್ತಿಯನ್ನು ಹೊರಗೆ ಕರೆದರೆ, ಮಧ್ಯದ ವಿರಾಮವೂ ಸೇರಿ, ಮುಂದಿನ ಕ್ವಾರ್ಟರಿನ ಆರಂಭವೂ ಸೇರಿ ಅವಳಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತದೆ. ಆಟದಲ್ಲಿ ಮಾತ್ರ ಅವಳು ಹೆಚ್ಚು ಹೊತ್ತು ಇಲ್ಲದಂತೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಒಳಗೆ ಹೋದವಳು ಬುಟ್ಟಿಗೆ ಚೆಂಡು ಹಾಕಬೇಕಾಗಿಲ್ಲ, ಇರುವ ಪಾಯಿಂಟುಗಳ ಲೆಕ್ಕವನ್ನು ಕೆಡಿಸದಿದ್ದರೆ ಸಾಕು. ಕೇಳಲು ಸುಲಭ. ಇದಕ್ಕೆ ಬೇಕಾದದ್ದು ಬೆಂಚಿನ ತುಂಬ ಹುಡುಗಿಯರು.

ಅವರು ಸಿಗುವುದು ಹೇಗೆ ಎಂಬುದನ್ನು ನಾನು ಕಲಿತದ್ದು ಕೃಷ್ಣರಾಜಪೇಟೆಗೆ ಹೋದ ಮೇಲೆ. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ನನ್ನ ಕೊನೆಯ ವರ್ಷಗಳು ಕಳೆದವು. ಕಾಂಪೌಂಡಿನ ಮೂಲೆಯಲ್ಲಿ ಸಿಮೆಂಟಿನ ಕೋರ್ಟು. ಅದರ ಪಕ್ಕದಲ್ಲಿ ಚಪ್ಪಡಿ ಕಲ್ಲು ಹಾಸಿ ಮಾಡಿದ್ದೇ ನಮ್ಮ ಬೆಂಚು. ಬೇಸಿಗೆಯಲ್ಲಿ ಅದು ಕಾದ ಹೆಂಚು, ಗೋಣಿಚೀಲ ನೆನೆಸಿ ಹಾಕದೆ ಕೂರುವ ಹಾಗಿಲ್ಲ.

ವರ್ಷದ ಶುರುವಿನಲ್ಲಿ ಆ ಕಲ್ಲಿನ ಮೇಲೆ ಜಾಗ ಸಾಲದಷ್ಟು ಹುಡುಗಿಯರು. ದೀಪಾವಳಿ ಕಳೆದು ಕಬ್ಬು ಕಡಿಯುವ ಕಾಲ, ಮದುವೆಯ ಕಾಲ ಬರುತ್ತಿದ್ದ ಹಾಗೆ ಅವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಕೋರ್ಟಿನಲ್ಲಿ ಆಡುವವರು ಹೋಗುತ್ತಿರಲಿಲ್ಲ. ಪೇಪರಿನಲ್ಲಿ ಹೆಸರು ಬಂದ ಮಗಳನ್ನು ಬಿಡಿಸಲು ತಂದೆಗೂ ಮನಸ್ಸಾಗದು. ಹೋಗುತ್ತಿದ್ದವರು ಬೆಂಚಿನವರು. ಇದು ನನಗೆ ಹೊಳೆದದ್ದು ಭಾಗ್ಯಳ ಅಪ್ಪನಿಂದ.

ಭಾಗ್ಯ ಕುಳ್ಳಗಿನ ಹುಡುಗಿ, ಮಾತು ಕಡಿಮೆ. ಅವಳ ಅಪ್ಪ ಚಿಕ್ಕೇಗೌಡ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಟ್ರಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದರು. ಒಂದು ದಿನ ಲೋಡು ಇಳಿಸಿ ಬಂದವರು ಮಗಳ ಪಂದ್ಯ ನೋಡಲು ಕಾಂಪೌಂಡಿನ ಹತ್ತಿರ ನಿಂತರು. ಆವತ್ತು ಅವಳಿಗೆ ಆಡುವ ಅವಕಾಶ ಬರಲೇ ಇಲ್ಲ. ಆಟ ಮುಗಿದ ಮೇಲೆ ಅವರು ನೇರ ನನ್ನ ಹತ್ತಿರ ಬಂದರು.

"ಆಡ್ದೇ ಇರೋಳ್ಗೆ ಯಾಕ್ ಮೇಡಂ ಚಡ್ಡಿ ಹಾಕ್ಸೀರಿ? ಕುಂತ್ಕಳಕೆ ನಮ್ಮನೇಲಿ ಜಗ್ಲಿ ಇಲ್ವಾ?"

ಸುತ್ತಲಿದ್ದವರು ನಕ್ಕರು. ಭಾಗ್ಯ ತಲೆ ಬಗ್ಗಿಸಿ ಶೂ ಲೇಸು ಬಿಚ್ಚುತ್ತಿದ್ದಳು. ನನಗೆ ನಗು ಬರಲಿಲ್ಲ. ಹಿಂದಿನ ವರ್ಷಗಳಲ್ಲಿ ಕಾರಣ ಹೇಳದೆ ಬಿಟ್ಟುಹೋದ ಹುಡುಗಿಯರ ಮನೆಗಳಲ್ಲೆಲ್ಲ ಇದೇ ಮಾತು ನಡೆದಿರಬೇಕು ಅನ್ನಿಸಿತು.

"ಇನ್ಮೇಲೆ ಪ್ರತಿ ಮ್ಯಾಚಲ್ಲೂ ಆಡ್ಸ್ತೀನಿ ಗೌಡ್ರೇ" ಎಂದೆ. "ಅವಳನ್ನ ಬಿಡಿಸಬೇಡಿ."

"ಆಡ್ಸುದ್ರೆ ಸರಿ" ಎಂದು ಹೋದರು.

ಅಂದಿನಿಂದ ನಾನು ಬೆಂಚಿನ ಪ್ರತಿಯೊಬ್ಬಳನ್ನೂ ಪ್ರತಿ ಪಂದ್ಯದಲ್ಲೂ ಒಂದಿಷ್ಟು ಹೊತ್ತಾದರೂ ಒಳಗೆ ಕಳಿಸಿದೆ. ಮುಖ್ಯ ಆಟಗಾರ್ತಿಗೆ ವಿಶ್ರಾಂತಿ, ಬೆಂಚಿನವಳಿಗೆ ಮನೆಯಲ್ಲಿ ಹೇಳಿಕೊಳ್ಳಲು ಒಂದು ಮಾತು. ಒಂದೇ ಬದಲಾವಣೆಯಿಂದ ಎರಡು ಕೆಲಸ. ಆ ವರ್ಷ ದೀಪಾವಳಿ ಕಳೆದರೂ ನಮ್ಮ ಕಲ್ಲು ತುಂಬಿಯೇ ಇತ್ತು.

ಆ ತಂಡದ ಮುಖ್ಯ ಆಟಗಾರ್ತಿ ಪವಿತ್ರ. ನನ್ನ ಇಡೀ ಸರ್ವೀಸಿನಲ್ಲಿ ಅಂಥವಳನ್ನು ಇನ್ನೊಬ್ಬಳನ್ನು ನೋಡಲಿಲ್ಲ. ಪೇಟೆಗೆ ಹತ್ತಿರದ ಹಳ್ಳಿ, ಮನೆಯಲ್ಲಿ ಹಸುಗಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುತ್ತಿದ್ದಳು, ಅವಳ ಕೈಗಳಲ್ಲಿ ಆ ಬಲವಿತ್ತು. ರಿಂಗಿಗೆ ಬಡಿದು ಮರಳುವ ಚೆಂಡಿಗೆ, ರಿಬೌಂಡಿಗೆ, ಹಾರಿದರೆ ಎದುರಿನ ಇಬ್ಬರು ಅತ್ತಿತ್ತ ಸರಿಯುತ್ತಿದ್ದರು. ಕ್ರೀಡಾ ಮೀಸಲಿನಲ್ಲಿ ಪೊಲೀಸ್ ಆಗಬೇಕೆಂದು ಅವಳ ಆಸೆ. ಅವಳ ಅವ್ವನ ಆಸೆಯೂ ಅದೇ. ಅವಳಿಗೆ ಒಂದೇ ಒಂದು ವಿಷಯ ಸಹಿಸಲಾಗುತ್ತಿರಲಿಲ್ಲ, ಕೂರುವುದು.

"ಯಾಕ್ ಮೇಡಂ ಎತ್ಬುಟ್ರಿ? ನಾನೇನ್ ತಪ್ ಮಾಡ್ದೆ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಕೂತರೂ ಬೆನ್ನು ನೆಟ್ಟಗೆ, ಕಣ್ಣು ಕೋರ್ಟಿನ ಮೇಲೆ, ಕಾಲು ಕುಣಿಸುತ್ತಲೇ ಇರುವುದು.

"ತಪ್ಪು ಮಾಡಿಲ್ಲ ಕಣಮ್ಮಿ. ಕೊನೇಲಿ ನೀನು ಬೇಕು ನಂಗೆ" ಎನ್ನುತ್ತಿದ್ದೆ. ನಂಬುತ್ತಿರಲಿಲ್ಲ.

ಅವಳ ಜಾಗಕ್ಕೆ ನಾನು ಕಳಿಸುತ್ತಿದ್ದದ್ದು ಭಾಗ್ಯಳನ್ನು. ಎತ್ತರದಲ್ಲಿ, ಆಟದಲ್ಲಿ ಇಬ್ಬರಿಗೂ ಹೋಲಿಕೆಯೇ ಇಲ್ಲ. ಆದರೆ ಭಾಗ್ಯ ಹೇಳಿದಷ್ಟನ್ನೇ ಮಾಡುವವಳು. ಚೆಂಡು ಸಿಕ್ಕರೆ ಹತ್ತಿರದವಳಿಗೆ ಕೊಡು, ನಿನಗೆ ಒಪ್ಪಿಸಿದ ಎದುರಾಳಿಯನ್ನು ಬಿಡಬೇಡ, ಅಷ್ಟೇ ಎಂದರೆ ಅಷ್ಟೇ. ಎದುರಿನವಳ ಹೊಟ್ಟೆಗೆ ಅಂಟಿಕೊಂಡು ಓಡಾಡುತ್ತಿದ್ದಳು. ಹೊರಗೆ ಬಂದು ನೀರು ಕುಡಿದು ಗೋಣಿಚೀಲದ ತುದಿಯಲ್ಲಿ ಕೂತರೆ ಅವಳು ಆಡಿದಳು ಎಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಹೀಗೆ ಆಡುತ್ತ ಆಡುತ್ತ ನಾಗಮಂಗಲದಲ್ಲಿ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದೆವು. ನಮಗೆ ಆಗ ಹೊಸ ಪ್ರಿನ್ಸಿಪಾಲರು ಬಂದಿದ್ದರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಬಿಗಿ. ಆಟದ ಹಿಂದಿನ ದಿನ ನನ್ನನ್ನು ಕೋಣೆಗೆ ಕರೆಸಿದರು.

"ಮೇಡಂ, ನಾಳೆ ಆಡಳಿತ ಮಂಡಳಿಯವರು ಬರ್ತಿದಾರೆ. ಪವಿತ್ರಾನ ಹೊರಗೆ ಕೂರಿಸೋ ಪ್ರಯೋಗ ಎಲ್ಲ ಬೇಡ."

"ಪ್ರಯೋಗ ಅಲ್ಲ ಸಾರ್. ಇಲ್ಲಿ ತನಕ ಬಂದಿದ್ದೇ ಹಾಗೆ."

"ನೋಡೋಕೆ ಬರೋರು ಅವಳನ್ನ ನೋಡೋಕೆ ಬರ್ತಾರೆ. ಬೆಂಚನ್ನ ನೋಡೋಕೆ ಅಲ್ಲ."

ನಾನು ಸುಮ್ಮನೆ ಎದ್ದು ಬಂದೆ. ಮೇಲಿನವರ ಎದುರು ಸುಮ್ಮನಿದ್ದರೆ ಅವರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಈಗ ಸೇರುವವರು ಇದನ್ನೊಂದು ತಿಳಿದಿರಲಿ.

ಮರುದಿನ ನಾನು ಎಂದಿನಂತೆಯೇ ಆಡಿಸಿದೆ. ಮೊದಲ ಕ್ವಾರ್ಟರಿನ ಕೊನೆಗೆ ಪವಿತ್ರ ಕೂತಳು, ಭಾಗ್ಯ ಎದ್ದಳು. ಏನೂ ಕೆಡಲಿಲ್ಲ. ಅರ್ಧ ಆಟಕ್ಕೆ ನಾವು ಮುಂದಿದ್ದೆವು. ಚಿಕ್ಕೇಗೌಡರೂ ಬಂದಿದ್ದರು. ಹೆಗಲ ಮೇಲೆ ಹೊಸ ಟವೆಲ್ಲು ಹಾಕಿಕೊಂಡು ಜನರ ನಡುವೆ ನಿಂತಿದ್ದರು. ಮಗಳು ಒಳಗೆ ಹೋದಾಗ ಪಕ್ಕದವನಿಗೆ ಅವಳ ಕಡೆ ಕೈ ತೋರಿಸಿ ಏನೋ ಹೇಳಿದ್ದನ್ನು ನೋಡಿದೆ.

ಮೂರನೆಯ ಕ್ವಾರ್ಟರಿನ ಕೊನೆಗೆ ಮತ್ತೆ ಪವಿತ್ರಳನ್ನು ಕರೆದು ಭಾಗ್ಯಳನ್ನು ಕಳಿಸಿದೆ. ಈ ಸಲ ಎದುರಿನ ಕೋಚು ಕಾದಿದ್ದ. ಭಾಗ್ಯಳ ಕೈಗೆ ಚೆಂಡು ಬಂದದ್ದೇ ಇಬ್ಬರು ಅವಳನ್ನು ಗೆರೆಯ ಹತ್ತಿರ ಒತ್ತಿ ಮುತ್ತಿದರು. ಹತ್ತಿರದವಳಿಗೆ ಕೊಡು ಎಂದು ನಾನು ಕಲಿಸಿದ್ದೆ. ಹತ್ತಿರ ಯಾರೂ ಇರಲಿಲ್ಲ. ಚೆಂಡು ಕಿತ್ತುಕೊಂಡರು, ಓಡಿಹೋಗಿ ಬುಟ್ಟಿಗೆ ಹಾಕಿ ಲೆಕ್ಕದಲ್ಲಿ ನಮ್ಮನ್ನು ದಾಟಿದರು. ಇಡೀ ಮೈದಾನ ಕಿರುಚಿತು.

"ಲೇ, ಆ ಕುಳ್ಳಿನ ಈಚ್ಗೆ ಎಳ್ಕಳ್ರೋ!"

"ಸಗಣಿ ಬಾಚಕ್ ಕಳ್ಸ್ರಲಾ ಅವ್ಳ್ನ!"

ಪ್ರಿನ್ಸಿಪಾಲರು ಮೆಟ್ಟಿಲಿಳಿದು ನನ್ನ ಬೆನ್ನ ಹಿಂದೆಯೇ ಬಂದು ನಿಂತರು. "ಪವಿತ್ರಾನ ಹಾಕ್ರೀ. ಈಗಲೇ." ನಾನು ವಿರಾಮದವರೆಗೂ ಕಾಯಬೇಕು ಎಂದೆ. ಪವಿತ್ರ ಎದ್ದು ನಿಂತಿದ್ದಳು. ಅವಳ ಭುಜ ಹಿಡಿದು ಕೂರಿಸಿದೆ.

ಕೊನೆಯ ಕ್ವಾರ್ಟರಿನಲ್ಲಿ ಪವಿತ್ರ ಹೊಸದಾಗಿ ಬಂದವಳಂತೆ ಆಡಿದಳು. ಎದುರಿನವರು ಮಂಡಿ ಹಿಡಿದು ನಿಲ್ಲುತ್ತಿದ್ದರು, ಇವಳು ಇನ್ನೂ ಹಾರುತ್ತಿದ್ದಳು. ಹಿಂದೆ ಬಿದ್ದಿದ್ದ ಲೆಕ್ಕವನ್ನು ಒಬ್ಬಳೇ ಎಳೆದು ತಂದಳು. ಒಂದೇ ಒಂದು ಪಾಯಿಂಟ್ ಹಿಂದಿರುವಾಗ ಕೊನೆಯ ಎಸೆತ ಅವಳದೇ. ಚೆಂಡು ರಿಂಗಿನ ಸುತ್ತ ತಿರುಗಿತು, ಅಂಚಿನ ಮೇಲೆ ಒಂದು ಕ್ಷಣ ನಿಂತಂತೆ ಮಾಡಿ ಹೊರಗೆ ಬಿತ್ತು.

ಆ ಎಸೆತವನ್ನು ಆಮೇಲೆ ಯಾರೂ ನೆನೆಯಲಿಲ್ಲ. ಎಲ್ಲರ ಬಾಯಲ್ಲೂ ಭಾಗ್ಯ ಕಳೆದುಕೊಂಡ ಚೆಂಡೇ.

ಅವಳು ಶೂ ಕೂಡ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದಳು. ಅವಳ ಅಪ್ಪ ಬಂದರು. ಹಿಂದಿನ ಸಲದಂತೆ ಜೋರು ಮಾಡಿದರೆ ಉತ್ತರ ಕೊಡಲು ನಾನು ಸಿದ್ಧಳಾಗಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಹೆಗಲಿನ ಟವೆಲ್ಲು ತೆಗೆದು ಮಗಳ ಭುಜದ ಮೇಲೆ ಹೊದಿಸಿ, "ನಡಿಯವ್ವ, ಊರ್ಗೋಗನ" ಎಂದರು. ಆಮೇಲೆ ನನಗೆ ಹೇಳಿದರು, "ಆಡ್ಸಿ ಅಂದಿದ್ದು ನಾನೇ ಮೇಡಂ. ಇಂಗೂ ಅಂತಾರೆ ಅಂತ ಗೊತ್ತಿರ್ನಿಲ್ಲ."

ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ನಾನು ಎರಡು ಸಲ ಅವರ ಮನೆಗೆ ಹೋದೆ. ಚಿಕ್ಕೇಗೌಡರು ಚಾಪೆ ಹಾಸಿದರು, ಕಾಫಿ ಕೊಡಿಸಿದರು, ಹೊಸಹೊಳಲಿನ ಕಡೆ ಗಂಡು ನೋಡಿದ್ದೇವೆ ಎಂದರು. ಅಷ್ಟು ಮರ್ಯಾದೆ ಕೊಡುವವರ ಹತ್ತಿರ ವಾದ ಮಾಡುವುದು ಹೇಗೆ?

ನಾಗಮಂಗಲದಿಂದ ವಾಪಸ್ ಬರುವಾಗ ಪವಿತ್ರ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ ಮಾತ್ರ ಒಂದು ಮಾತು ಅಂದಳು. "ನೀವ್ ನನ್ನ ಕೂರುಸ್ದೇ ಇದ್ದಿದ್ರೆ ಗೆಲ್ತಿದ್ವಿ ಮೇಡಂ."

ಮುಂದಿನ ವರ್ಷ ತಂಡವನ್ನು ನನ್ನ ಕೈಯಿಂದ ತೆಗೆದರು. ನನಗೆ ಸಿಕ್ಕಿದ್ದು ಕ್ರೀಡಾ ದಿನದ ಶಾಮಿಯಾನ, ಧ್ವಜದ ಕಂಬ, ಎನ್.ಸಿ.ಸಿ. ಹುಡುಗರ ಉಪ್ಪಿಟ್ಟು. ತಂಡಕ್ಕೆ ಗುತ್ತಿಗೆಯ ಮೇಲೆ ಒಬ್ಬ ಹೊಸ ಕೋಚನ್ನು ತಂದರು, ಹೆಸರು ಮಂಜುನಾಥ. ಹುಡುಗ ಕೆಟ್ಟವನಲ್ಲ. ಮೊಬೈಲಿನಲ್ಲಿ ಪ್ರತಿಯೊಬ್ಬಳ ಆಟದ ಲೆಕ್ಕ ಇಡುತ್ತಿದ್ದ, ವಿಡಿಯೋ ಮಾಡಿ ತಪ್ಪು ತೋರಿಸುತ್ತಿದ್ದ. ನಾನು ಮಾಡದ ಎಷ್ಟೋ ಒಳ್ಳೆಯ ಕೆಲಸ ಮಾಡಿದ. ಆದರೆ ಅವನ ಕೆಲಸ ಉಳಿಯುವುದು ಪ್ರಿನ್ಸಿಪಾಲರ ಮಾತಿನ ಮೇಲೆ, ಪ್ರಿನ್ಸಿಪಾಲರ ಮಾತು ಒಂದೇ: ಪವಿತ್ರ ಕೂರಬಾರದು.

ಪವಿತ್ರ ಕೂರಲಿಲ್ಲ. ಗೆದ್ದರು, ಮತ್ತೆ ಗೆದ್ದರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಕಲ್ಲು ಬೆಂಚನ್ನು ನೋಡುತ್ತಿದ್ದೆ. ಗಣೇಶನ ಹಬ್ಬದ ಹೊತ್ತಿಗೆ ಅರ್ಧವಾಗಿತ್ತು. ದೀಪಾವಳಿ ಕಳೆದ ಮೇಲೆ ಕೋರ್ಟಿಗೆ ಬರುವವರು ಒಟ್ಟು ಆರೇ ಜನ. ಮಂಜುನಾಥನಿಗೆ ಹೇಳಿದೆ, "ಮಿಕ್ಕವರನ್ನ ಎರಡೆರಡು ನಿಮಿಷ ಆದ್ರೂ ಇಳಿಸಪ್ಪ, ಉಳೀತಾರೆ." ಅವನು, "ಇಳ್ಸಿ ಸೋತ್ರೆ ನಾನ್ ಉಳಿಯಲ್ಲ ಮೇಡಂ" ಎಂದ. ಅದೂ ನಿಜವೇ.

ಆ ವರ್ಷದ ಸೆಮಿಫೈನಲ್ ಪಾಂಡವಪುರದಲ್ಲಿ. ಅದು ನಾನು ಮನೆಗೆ ಹೋಗುವ ದಾರಿ. ಇಳಿದು ನೋಡಿಕೊಂಡು ಹೋಗೋಣವೆಂದು ಹೋದೆ. ಬಿಸಿಲಿತ್ತು. ಆಟದ ಮಧ್ಯದಲ್ಲೇ ನಮ್ಮ ಒಬ್ಬ ಹುಡುಗಿ ಐದು ಫೌಲು ಮಾಡಿ ಹೊರಗೆ ಬಂದಳು, ಐದಾದರೆ ಆ ಪಂದ್ಯದಲ್ಲಿ ಮತ್ತೆ ಇಳಿಯುವ ಹಾಗಿಲ್ಲ. ಆರನೆಯವಳು ಒಳಗೆ ಹೋದಳು. ಪವಿತ್ರ ಮಂಡಿಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಚೆಂಡಿಗಾಗಿ ಕೂಗುವುದನ್ನು ಆಗಲೇ ನಿಲ್ಲಿಸಿದ್ದಳು. ಮೂರನೆಯ ಕ್ವಾರ್ಟರಿನಲ್ಲಿ ರಿಬೌಂಡಿಗೆ ಹಾರಿ ಇಳಿದವಳ ಕಾಲು ಒಳಕ್ಕೆ ತಿರುಚಿತು. ಬಿದ್ದಳು. ಕೂಗಲೂ ಇಲ್ಲ.

ನೀರು ಚಿಮುಕಿಸಿದರು, ಸ್ಪ್ರೇ ಹೊಡೆದರು. ಎದ್ದು ನಿಂತಳು, ಬಲಗಾಲು ಊರಲಾಗುತ್ತಿಲ್ಲ. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ.

"ಮಂಜುನಾಥ, ಕೂರಿಸಪ್ಪ ಅವಳನ್ನ!"

ಅವನು ತಿರುಗಿ ನನ್ನನ್ನು ನೋಡಿದ. ಮುಖ ಬಿಳುಚಿಕೊಂಡಿತ್ತು. "ಯಾರನ್ನ ಇಳಿಸ್ಲಿ ಮೇಡಂ?"

ಬೆಂಚಿನ ಮೇಲೆ ಫೌಲಾಗಿ ಹೊರಬಿದ್ದ ಹುಡುಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳ ಪಕ್ಕದಲ್ಲಿ ಐದಾರು ಬ್ಯಾಗು, ನೀರಿನ ಬಾಟಲಿಗಳು.

"ನಾಲ್ಕೇ ಜನ ಆಡ್ಲಿ! ಆಡಬಹುದು!" ಎಂದು ಕೂಗಿದೆ.

"ಬೇಡ ಸಾರ್" ಎಂದಳು ಪವಿತ್ರ. "ರಿಂಗಿನ ಕೆಳ್ಗೆ ಸುಮ್ನೆ ನಿಂತ್ಕತೀನಿ. ಅವ್ರಿಗೆ ಭಯ ಇರ್ತದೆ."

ನಿಂತಳು. ಉಳಿದ ಆಟ ಪೂರ್ತಿ ಒಂದೇ ಕಾಲಿನ ಮೇಲೆ ರಿಂಗಿನ ಕೆಳಗೆ ನಿಂತು, ಕೈಗೆ ಎಟುಕಿದ ಚೆಂಡುಗಳನ್ನು ಹಿಡಿದುಕೊಟ್ಟಳು. ಗೆದ್ದರು. ಪ್ರಿನ್ಸಿಪಾಲರು ಓಡಿಬಂದು ಅವಳ ತಲೆಯ ಮೇಲೆ ಕೈಯಿಟ್ಟರು, ಜನ ಶಿಳ್ಳೆ ಹೊಡೆದರು. ಅವಳನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಬೇಕಾಯಿತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಮಂಡಿಯೊಳಗಿನ ಲಿಗಮೆಂಟ್ ಹರಿದಿದೆ, ಹರಿದ ಮೇಲೂ ಭಾರ ಹಾಕಿದ್ದರಿಂದ ಮತ್ತೂ ಕೆಟ್ಟಿದೆ ಎಂದು ಡಾಕ್ಟರು ಹೇಳಿದರು. ಓಡಾಡಬಹುದು, ಹಾರುವ ಹಾಗಿಲ್ಲ. ಪೊಲೀಸ್ ಆಯ್ಕೆಯ ಓಟ ಆ ದಿನವೇ ಮುಗಿದಂತಾಯಿತು. ಫೈನಲ್ಲಿಗೆ ನಮ್ಮ ತಂಡ ಹೋಗಲೇ ಇಲ್ಲ, ಪವಿತ್ರಳ ಕಾಲು ನೋಡಿ ಹೆದರಿ ಇನ್ನೊಬ್ಬಳನ್ನೂ ಮನೆಯವರು ಬಿಡಿಸಿದ್ದರು, ಹೋಗಲು ಐದು ಜನ ಇರಲಿಲ್ಲ. ಮಂಜುನಾಥನ ಗುತ್ತಿಗೆಯೂ ಮುಂದುವರಿಯಲಿಲ್ಲ. ಅದರ ಮರುವರ್ಷ ಕೋರ್ಟಿನಲ್ಲಿ ಸ್ಟಾಫಿನ ಬೈಕುಗಳನ್ನು ನಿಲ್ಲಿಸತೊಡಗಿದರು. ನನ್ನ ನಿವೃತ್ತಿಯವರೆಗೂ ಅದು ಹಾಗೆಯೇ ಇತ್ತು.

ಪವಿತ್ರಳನ್ನು ನೋಡಲು ನಾನು ಅವಳ ಊರಿಗೆ ಹೋಗಿದ್ದೆ. ಈಗ ಅವಳು ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಬೆಳಿಗ್ಗೆ ಸಂಜೆ ಸ್ಟೂಲಿನ ಮೇಲೆ ಕೂತೇ ಮಾಡುವ ಕೆಲಸ. ಹಾಲು ಹಾಕಿಸಿಕೊಂಡು ಮುಗಿಸಿ, ಮಂಡಿ ಹಿಡಿದುಕೊಂಡು ಎದ್ದು ಬಂದಳು. ಸ್ವಲ್ಪ ಹೊತ್ತು ಹಸುಗಳ ವಿಷಯ, ಅವ್ವನ ಬಿ.ಪಿ. ವಿಷಯ ಮಾತಾಡಿದೆವು. ಆಮೇಲೆ ಅವಳೇ ಕೇಳಿದಳು.

"ನಾಗಮಂಗಲದಲ್ಲಿ ನನ್ನ ಕೂರಿಸಿದ್ದು ಸರಿ ಅಂತ ಈಗ್ಲೂ ಅಂತೀರಾ ಮೇಡಂ?"

"ಹೂಂ ಕಣಮ್ಮಿ. ಈಗ್ಲೂ ಅಂತೀನಿ."

ಅವಳು ತಲೆಯಾಡಿಸಿದಳು. "ನಂಗೆ ಅನ್ಸಲ್ಲ. ಆವತ್ತು ಕಾಲು ಚೆನ್ನಾಗಿತ್ತು. ಆವತ್ತಾದ್ರೂ ಪೂರ್ತಿ ಆಡ್ಬುಡ್ಬೇಕಿತ್ತು."

ನಾನು ಅವಳ ಕಾಲನ್ನು ಮುಂದಿನ ವರ್ಷಗಳಿಗೆಂದು ಉಳಿಸುತ್ತಿದ್ದೆ, ಆ ವರ್ಷಗಳೇ ಅವಳಿಗೆ ಸಿಗಲಿಲ್ಲ. ಅವಳ ಅವ್ವ ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಅದಾದ ಕೆಲವು ತಿಂಗಳ ಮೇಲೆ, ಪಿಂಚಣಿಯ ಕೆಲಸಕ್ಕೆ ಕೃಷ್ಣರಾಜಪೇಟೆಗೆ ಹೋದವಳು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. "ಮೇಡಂ" ಎಂದು ಯಾರೋ ಸೀರೆಯ ಸೆರಗು ಮುಟ್ಟಿದರು. ಭಾಗ್ಯ. ಕಂಕುಳಲ್ಲಿ ಮಗು, ಕೈಯಲ್ಲಿ ಸೊಪ್ಪಿನ ಚೀಲ. ಮೊದಲಿನಂತೆಯೇ ಕಡಿಮೆ ಮಾತು. ಗಂಡ ಒಳ್ಳೆಯವನು, ಅತ್ತೆ ಸ್ವಲ್ಪ ಜೋರು ಎಂದಳು. ಆಮೇಲೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಕೇಳಿದಳು.

"ಪವಿತ್ರನ್ ಕಾಲು ಹೆಂಗದೆ ಮೇಡಂ?"

ಹೇಳಿದೆ. ಪಾಂಡವಪುರದಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವಳು ಬಸ್ಸುಗಳ ಕಡೆ ನೋಡುತ್ತ ಕೇಳಿಸಿಕೊಂಡಳು.

"ಒಂದ್ ವರ್ಸದಲ್ಲಿ ನಾ ಒಂದ್ ಬ್ಯಾಸ್ಕೆಟ್ಟೂ ಹಾಕ್ಲಿಲ್ಲ" ಎಂದಳು. "ಎಷ್ಟ್ ಹಾಕ್ದೆ ಅಂತ ಅಪ್ಪ ದಿನಾ ಕೇಳೋದು. ಏನ್ ಹೇಳೋದು ಅಂತ ಗೊತ್ತಾಯ್ತಿರ್ನಿಲ್ಲ."

"ನೀನು ಬ್ಯಾಸ್ಕೆಟ್ ಹಾಕೋದು ನಂಗೆ ಬೇಕಾಗಿರ್ಲಿಲ್ಲ ಕಣೆ."

"ಅದು ಈಗ ಗೊತ್ತಾಯ್ತು." ಇನ್ನೂ ಬಸ್ಸುಗಳ ಕಡೆಯೇ ನೋಡುತ್ತ ಕೇಳಿದಳು, "ನಾ ಇದ್ದಿದ್ರೆ ಅವ್ಳು ಆವತ್ತು ಎಲ್ಡ್ ನಿಮಿಷ ಕುಂತ್ಕತಿದ್ಲು. ಅಲ್ವಾ ಮೇಡಂ?"

ಹೌದು ಎಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

ಅವಳು ಸೆರಗಿನ ತುದಿಯಿಂದ ಮಗುವಿನ ಮೂಗು ಒರೆಸಿದಳು. ತಾನೂ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಅವಳ ಬಸ್ಸು ಬಂತು.